ತೊಂಬತ್ತು ಸೆಕೆಂಡಿನ ಲಗೋರಿ

“ಎಷ್ಟ ಐತಿ?”

“ಐದೂವರಿ.”

“ಇನ್ನೊಂದೀಟ ಹಾಕಲೇ. ಆರು ದಾಟಬಾರದು ಮತ್ತ, ಹೊರಗ ಹಾಕ್ತಾರ ನೋಡ.”

ಪಂಪಿನ ಹಿಡಿ ಒತ್ತುತ್ತಿರುವವನು ಎರಡನೇ ವರ್ಷದ ಹುಡುಗ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿದೆ. ಒರೆಸಿಕೊಳ್ಳೋಣವೆಂದರೆ ಕೈಗೆ ಬಿಡುವಿಲ್ಲ. ಅವನ ಮುಂದೆ ರೋಬೋಟಿನ ಹೊಟ್ಟೆಯೊಳಗೆ ತಂಪು ಪಾನೀಯದ ಎರಡು ದೊಡ್ಡ ಬಾಟಲಿಗಳು ಅಡ್ಡ ಮಲಗಿವೆ. ಲೇಬಲ್ ಕಿತ್ತು ಕಪ್ಪು ಟೇಪು ಸುತ್ತಿದ್ದೇವೆ. ಇವೇ ನಮ್ಮ ಗಾಳಿಯ ಟ್ಯಾಂಕು. ಹಿಡಿಕೆಯ ಎರಡು ಬೆರಳು ಮುಚ್ಚುವುದು, ತೆರೆಯುವುದು ಎಲ್ಲವೂ ಇದರೊಳಗಿನ ಒತ್ತಡದಿಂದ. ನಿಯಮದ ಪ್ರಕಾರ 600 ಕಿಲೋಪಾಸ್ಕಲ್ ಮೀರುವಂತಿಲ್ಲ, ಅಂದರೆ ಗೇಜಿನಲ್ಲಿ ಆರು ಬಾರ್. ಮುಳ್ಳು ಆರರ ಗೆರೆಗೆ ಕೂದಲೆಳೆಯಷ್ಟು ಈಚೆ ನಿಂತಿತು. ಹುಡುಗ ಕವಾಟ ತಿರುಗಿಸಿ ಕಿವಿ ಹಚ್ಚಿ ಕೂತ. ಎಲ್ಲಾದರೂ ಸುಸ್ ಎಂದರೆ ಮತ್ತೆ ಮೊದಲಿನಿಂದ.

ಒಳಗೆ ಬನ್ನಿ. ಕಾಲಡಿ ನೋಡಿಕೊಳ್ಳಿ, ವೈರುಗಳಿವೆ, ಬೆಸುಗೆ ಕಡ್ಡಿ ಇನ್ನೂ ಕಾದೇ ಇದೆ. ಇದು 2022ರ ಡಿಡಿ ರೋಬೋಕಾನ್, ದೂರದರ್ಶನದ ವಿದ್ಯಾರ್ಥಿ ರೋಬೋಟ್ ಸ್ಪರ್ಧೆ. ದೆಹಲಿಯ ಒಳಾಂಗಣ ಕ್ರೀಡಾಂಗಣದ ಪಕ್ಕದಲ್ಲಿ ಸಾಲಾಗಿ ಮೇಜು ಹಾಕಿ ಪ್ರತಿ ತಂಡಕ್ಕೂ ಒಂದೊಂದು ಪಿಟ್ ಕೊಟ್ಟಿದ್ದಾರೆ. ದೇಶದ ಮೂಲೆಮೂಲೆಯ ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿವೆ. ಬಲಗಡೆ ಮರಾಠಿ, ಎಡಗಡೆ ಗುಜರಾತಿ, ಎದುರಿಗೆ ತಮಿಳು, ನಡುವೆ ನಮ್ಮ ಧಾರವಾಡ ಕಡೆಯ ಮಾತು. ಎಲ್ಲರ ಮೇಜಿನ ಮೇಲೂ ಅವೇ ಸಾಮಾನು: ಅಲನ್ ಕೀ ಗೊಂಚಲು, ಕೇಬಲ್ ಟೈ, ಅರ್ಧ ತಿಂದ ಬಿಸ್ಕತ್ ಪೊಟ್ಟಣ, ಮಲ್ಟಿಮೀಟರ್, ಊರಿನ ದೇವರ ಒಂದು ಪುಟ್ಟ ಫೋಟೋ. ನಮ್ಮ ಫೋಟೋ ಸವದತ್ತಿ ಯಲ್ಲಮ್ಮನದು. ಬ್ಯಾಟರಿ ಪೆಟ್ಟಿಗೆಗೆ ಒರಗಿಸಿಟ್ಟಿದ್ದೇವೆ.

ಈ ವರ್ಷದ ಆಟ ಲಗೋರಿ. ಹೌದು, ನೀವು ಓಣಿಯಲ್ಲಿ ಹೆಂಚಿನ ಚೂರು ಪೇರಿಸಿ ಆಡಿದ ಅದೇ ಲಗೋರಿ. ಏಷ್ಯಾ ಪೆಸಿಫಿಕ್ ಪ್ರಸಾರ ಒಕ್ಕೂಟದ ಅಂತರರಾಷ್ಟ್ರೀಯ ಸ್ಪರ್ಧೆ ಪ್ರತಿ ವರ್ಷ ಒಂದೊಂದು ದೇಶದಲ್ಲಿ ನಡೆಯುತ್ತದೆ, ಆತಿಥೇಯರು ತಮ್ಮ ನೆಲದ ಆಟವನ್ನೋ ಕಥೆಯನ್ನೋ ವಿಷಯವಾಗಿ ಕೊಡುತ್ತಾರೆ. 2008ರಲ್ಲಿ ಪುಣೆಯಲ್ಲಿ ನಡೆದಾಗ ‘ಗೋವಿಂದ’ ಎಂಬ ಹೆಸರಿನಲ್ಲಿ ರೋಬೋಟುಗಳು ಬೆಣ್ಣೆ ಗಡಿಗೆಗೆ ಕೈ ಹಾಕಿದ್ದವು. 2014ರಲ್ಲಿ ಮತ್ತೆ ಪುಣೆಗೆ ಬಂದಾಗ ತಂದೆ ರೋಬೋಟು ಮಗು ರೋಬೋಟನ್ನು ಎತ್ತಿಕೊಂಡು ಹೋಗಿ ಉಯ್ಯಾಲೆ ಆಡಿಸಬೇಕಿತ್ತು. ಮೂರನೆಯ ಸಲ ಭಾರತದ ಪಾಳಿ ಬಂದದ್ದು ಈಗ. ಇಲ್ಲಿ ದೇಶದ ಮಟ್ಟದಲ್ಲಿ ಗೆದ್ದವರು ಆಗಸ್ಟಿನಲ್ಲಿ ಇದೇ ದೆಹಲಿಯಲ್ಲಿ ಹೊರದೇಶದ ತಂಡಗಳ ಎದುರು ಆಡುತ್ತಾರೆ.

ಅಂಕಣ ನೋಡಿ. ನಡುವೆ ಐದು ದುಂಡು ಬಿಲ್ಲೆಗಳ ಗೋಪುರ. ಕೆಳಗಿನದು ದೊಡ್ಡದು, ಮೇಲೆ ಹೋದಂತೆ ಸಣ್ಣದು. ಒಂದು ತಂಡ ಕೆಡವಿ ಕಟ್ಟುವುದು, ಇನ್ನೊಂದು ತಡೆಯುವುದು. ಎರಡೂ ತಂಡಗಳಿಗೆ ಎರಡೆರಡು ರೋಬೋಟು. ಕಟ್ಟುವ ತಂಡದ ಮೊದಲ ರೋಬೋಟಿಗೆ ಮೂರು ಚೆಂಡು, ಅರ್ಧ ನಿಮಿಷ. ಅಷ್ಟರಲ್ಲಿ ಗೋಪುರ ಉರುಳಬೇಕು. ಆಮೇಲೆ ಎರಡನೆಯ ರೋಬೋಟು ಒಳಗೆ ನುಗ್ಗಿ ಬಿದ್ದ ಬಿಲ್ಲೆಗಳನ್ನು ಹೆಕ್ಕಿ ಪೇರಿಸಬೇಕು, ಅದಕ್ಕೆ ಒಂದು ನಿಮಿಷ. ಅದರ ತಲೆಯ ಮೇಲೊಂದು ಚೆಂಡು ಕೂತಿರುತ್ತದೆ. ಎದುರಾಳಿಯ ರೋಬೋಟು ಚೆಂಡೆಸೆದು ಆ ಚೆಂಡನ್ನು ಬೀಳಿಸಲು ನೋಡುತ್ತದೆ. ಓಣಿಯಲ್ಲಿ ಬೆನ್ನಿಗೆ ಬೀಳುತ್ತಿದ್ದ ಹೊಡೆತ ಇಲ್ಲಿ ತಲೆಯ ಚೆಂಡಿಗೆ. ಒಟ್ಟು ತೊಂಬತ್ತು ಸೆಕೆಂಡು. ನಂತರ ಪಾತ್ರ ಅದಲುಬದಲು.

ಎಂಟು ವರ್ಷದ ಮಗು ಇದನ್ನು ಯಾರೂ ಕಲಿಸದೆ ಆಡುತ್ತದೆ. ನಾವು ಒಂದಿಡೀ ಶೈಕ್ಷಣಿಕ ವರ್ಷ ತೆಗೆದುಕೊಂಡೆವು.

ಎಸೆಯುವುದನ್ನೇ ತೆಗೆದುಕೊಳ್ಳಿ. ನಮ್ಮ ಮೊದಲ ರೋಬೋಟಿನಲ್ಲಿ ಎರಡು ರಬ್ಬರ್ ಚಕ್ರಗಳು ಎದುರುಬದುರಾಗಿ ಉರುಳುತ್ತವೆ, ನಡುವೆ ಚೆಂಡು ಸಿಕ್ಕಿ ಹೊರಗೆ ಚಿಮ್ಮುತ್ತದೆ. ಕ್ರಿಕೆಟ್ ನೆಟ್ಟಿನ ಬೌಲಿಂಗ್ ಯಂತ್ರ ನೋಡಿದ್ದರೆ ಅದೇ ತತ್ವ. ಮೊದಮೊದಲು ಬೆಳಿಗ್ಗೆ ಗುರಿ ಮುಟ್ಟುತ್ತಿದ್ದ ಚೆಂಡು ಮಧ್ಯಾಹ್ನದ ಹೊತ್ತಿಗೆ ಗೋಪುರದ ಬುಡಕ್ಕೂ ಮುಟ್ಟದೆ ಬೀಳತೊಡಗಿತು. ಚಕ್ರ ಸವೆದಿದೆ ಎಂದು ಒಬ್ಬ, ಚೆಂಡಿನ ಗಾಳಿ ಇಳಿದಿದೆ ಎಂದು ಇನ್ನೊಬ್ಬ. ಕಾರಣ ಬ್ಯಾಟರಿ. ಆರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಹೆಸರಿಗೆ 22.2 ವೋಲ್ಟ್. ಪೂರ್ತಿ ತುಂಬಿದಾಗ 25.2 ತೋರಿಸುತ್ತದೆ, ಬಳಸುತ್ತ ಬಂದಂತೆ ಇಳಿಯುತ್ತದೆ. ವೋಲ್ಟು ಇಳಿದರೆ ಚಕ್ರದ ವೇಗ ಇಳಿಯುತ್ತದೆ. ಚೆಂಡು ಹೋಗುವ ದೂರ ವೇಗದ ವರ್ಗಕ್ಕೆ ಅನುಗುಣ, ಹಾಗಾಗಿ ವೇಗ ನೂರಕ್ಕೆ ಹತ್ತು ಕಡಿಮೆಯಾದರೆ ದೂರ ಹೆಚ್ಚುಕಡಿಮೆ ಹತ್ತೊಂಬತ್ತು ಕಡಿಮೆ. ಪಿಯುಸಿಯಲ್ಲಿ ಈ ಸೂತ್ರ ಬರೆದು ಪೂರ್ತಿ ಅಂಕ ತೆಗೆದವರೇ ನಮ್ಮಲ್ಲಿ ಎಲ್ಲರೂ. ಆದರೂ ಅದು ಕಣ್ಣೆದುರು ನೆಲಕ್ಕೆ ಬಿದ್ದಾಗ ಯಾರಿಗೂ ಗುರುತು ಸಿಗಲಿಲ್ಲ.

ಆಮೇಲೆ ಚಕ್ರಗಳಿಗೆ ಎನ್ಕೋಡರ್ ಕಟ್ಟಿದೆವು. ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಅದು ಎಣಿಸಿ ಹೇಳುತ್ತದೆ, ಕಡಿಮೆಯಾದರೆ ಮೈಕ್ರೋಕಂಟ್ರೋಲರ್ ಇನ್ನಷ್ಟು ವಿದ್ಯುತ್ ಕೊಡುತ್ತದೆ, ಜಾಸ್ತಿಯಾದರೆ ತಡೆಯುತ್ತದೆ. ಪಿಐಡಿ ಎನ್ನುವುದು ಇದನ್ನೇ. ಪುಸ್ತಕದಲ್ಲಿ ಅರ್ಧ ಪುಟ. ಅದರ ಮೂರು ಅಂಕೆಗಳನ್ನು ಸರಿಯಾಗಿ ಕೂರಿಸಲು ಹಾಸ್ಟೆಲ್ ಕಾರಿಡಾರಿನಲ್ಲಿ ಕಳೆದ ರಾತ್ರಿಗಳ ಬಗ್ಗೆ ವಾರ್ಡನ್ ಸಾಹೇಬರನ್ನು ಕೇಳಬೇಕು. ಕಾರಿಡಾರ್ ಏಕೆಂದರೆ ಕಾಲೇಜಿನ ವರ್ಕ್‌ಶಾಪಿಗೆ ಸಂಜೆ ಐದಕ್ಕೆ ಬೀಗ. ಕ್ಲಾಸು ಮುಗಿಯುವುದು ನಾಲ್ಕೂವರೆಗೆ.

“ಅಕ್ಕಾ, ತೂಕಕ್ಕ ಕರಿಯಾಕತ್ತಾರ್ರೀ!”

ಅಕ್ಕಾ ಎನ್ನಿಸಿಕೊಂಡವಳು ನಮ್ಮ ಎರಡನೇ ರೋಬೋಟಿನ ಚಾಲಕಿ, ಕೊನೆಯ ವರ್ಷದವಳು. ಆಟದ ಕಂಟ್ರೋಲರನ್ನು ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡಿದ್ದಾಳೆ. ಮನೆಯಲ್ಲಿ ತಮ್ಮನ ಪ್ಲೇಸ್ಟೇಷನ್ನಿನ ಕಂಟ್ರೋಲರ್ ಅದು, ಬ್ಲೂಟೂತಿನಿಂದ ರೋಬೋಟಿಗೆ ಜೋಡಿಸಿದ್ದೇವೆ. ತಮ್ಮನಿಗೆ ಇನ್ನೂ ಗೊತ್ತಿಲ್ಲವಂತೆ.

ತೂಕದ ಯಂತ್ರದ ಮುಂದೆ ಸಾಲು. ಎರಡೂ ರೋಬೋಟು, ಬ್ಯಾಟರಿ, ಕಂಟ್ರೋಲರ್ ಎಲ್ಲ ಸೇರಿ 50 ಕಿಲೋ ದಾಟುವಂತಿಲ್ಲ. ನಮ್ಮ ಮುಂದಿನ ತಂಡದ್ದು ಮುನ್ನೂರು ಗ್ರಾಂ ಜಾಸ್ತಿ ಬಂತು. ಅವರ ಕ್ಯಾಪ್ಟನ್ ಮುಖ ಸಪ್ಪೆ ಮಾಡಿಕೊಳ್ಳುವಷ್ಟೂ ಹೊತ್ತು ಕಳೆಯಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಾಲೇಜಿನ ಹೆಸರಿದ್ದ ಅಕ್ರಿಲಿಕ್ ಫಲಕ ಬಿಚ್ಚಿದ, ಮೋಟಾರಿನ ಅಲಂಕಾರದ ಮುಚ್ಚಳ ಬಿಚ್ಚಿದ, ಉದ್ದ ಬೋಲ್ಟು ತೆಗೆದು ಗಿಡ್ಡದ್ದು ಹಾಕಿದ. ಇನ್ನೂ ಸ್ವಲ್ಪ ಉಳಿಯಿತು. ಆಗ ನಮ್ಮ ಕಡೆ ತಿರುಗಿ, “ಭಯ್ಯಾ, ಪಾಂಚ್ ಕಾ ಅಲನ್ ಕೀ ಹೈ ಕ್ಯಾ?” ಎಂದ. ಕೊಟ್ಟೆವು. ಇನ್ನೊಂದು ಗಂಟೆಗೆ ಅವರ ಎದುರೇ ನಮ್ಮ ಪಂದ್ಯ. ಪಿಟ್ಟಿನಲ್ಲಿ ಯಾರೂ ಯಾರಿಗೂ ಅಲನ್ ಕೀ ಇಲ್ಲವೆನ್ನುವುದಿಲ್ಲ, ಕೇಳಿದವರು ಯಾರೇ ಇರಲಿ.

ನಮ್ಮದು ದಾಟಿತು. ಅಲ್ಯೂಮಿನಿಯಂ ಚೌಕ ಪೈಪುಗಳಿಗೆ ಊರಲ್ಲೇ ಡ್ರಿಲ್ಲು ಹಿಡಿದು ತೂತು ಕೊರೆದು ಬಂದಿದ್ದೆವು. ಕೆಂಪು ಗುಂಡಿಯನ್ನು ತೀರ್ಪುಗಾರರು ತಾವೇ ಒತ್ತಿ ನೋಡಿದರು. ಏನಾದರೂ ಎಡವಟ್ಟಾದರೆ ಇಡೀ ಯಂತ್ರ ಒಂದೇ ಏಟಿಗೆ ನಿಲ್ಲಬೇಕಲ್ಲ. ನಿಂತಿತು.

ಕಾಯುವ ಹೊತ್ತು ದೊಡ್ಡದು. ಅಷ್ಟರಲ್ಲಿ ಹಳೆಯ ಕಥೆಯೊಂದು: ಈ ಸ್ಪರ್ಧೆಯ ಬೀಜ ಜಪಾನಿನದು. ಟೋಕಿಯೊ ತಾಂತ್ರಿಕ ವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಮಸಾಹಿರೊ ಮೋರಿ ಇದಕ್ಕೆ ಮೂಲ ಪುರುಷ. ರೋಬೋಟು ಮನುಷ್ಯನನ್ನು ಹೋಲುತ್ತ ಹೋದಂತೆ ಒಂದು ಹಂತದಲ್ಲಿ ನಮಗೆ ಅದನ್ನು ಕಂಡರೆ ಅಸಹ್ಯವಾಗುತ್ತದೆ ಎಂದು 1970ರಲ್ಲೇ ಬರೆದವರು ಅವರೇ. ಜಪಾನಿನ ಎನ್‌ಎಚ್‌ಕೆ 1988ರಲ್ಲಿ ವಿದ್ಯಾರ್ಥಿಗಳ ಸ್ಪರ್ಧೆಯನ್ನು ಟೀವಿಗೆ ತಂದಿತು, 2002ರಲ್ಲಿ ಟೋಕಿಯೊದಲ್ಲಿ ಏಷ್ಯಾ ಪೆಸಿಫಿಕ್ ವಲಯದ ಹಲವು ದೇಶಗಳು ಸೇರಿ ಆಡಿದವು. ಆ ಮೊದಲ ಸಲವೇ ಗೆದ್ದದ್ದು ವಿಯೆಟ್ನಾಂ. 2018ರ ಹೊತ್ತಿಗೆ ಅವರು ಏಳು ಸಲ ಗೆದ್ದಿದ್ದರು. ನಾವು ಯೂಟ್ಯೂಬಿನಲ್ಲಿ ಅವರ ಪಂದ್ಯಗಳನ್ನು ತಡೆತಡೆದು ನೋಡಿದ್ದೇವೆ. ಅವರ ಯಂತ್ರಗಳಲ್ಲಿ ನಮ್ಮಲ್ಲಿ ಸಿಗದ ಸಾಮಾನು ಅಂಥದ್ದೇನೂ ಕಾಣಲಿಲ್ಲ. ಅದೇ ಮೋಟಾರು, ಅದೇ ಪೈಪು. ಆದರೆ ಒಂದು ಕೆಲಸವನ್ನು ಹತ್ತು ಸಲ ಮಾಡಿದರೆ ಹತ್ತೂ ಸಲ ಒಂದೇ ಥರ. ನಮಗೆ ಬೇಕಿರುವುದು ಅದು.

ನಮ್ಮ ತಂಡದಲ್ಲಿ ಈ ಅಂಕಣವನ್ನು ಮೊದಲು ಕಂಡವರು ಯಾರೂ ಇಲ್ಲ. 2020ರಲ್ಲಿ ಫಿಜಿಯಲ್ಲಿ ಆಗಬೇಕಿದ್ದ ಅಂತರರಾಷ್ಟ್ರೀಯ ಸ್ಪರ್ಧೆ ಕೋವಿಡ್ಡಿನಿಂದ ರದ್ದಾಯಿತು. ಕಾಲೇಜುಗಳು ಮುಚ್ಚಿದವು, ಕಂಡವರು ಪದವಿ ಮುಗಿಸಿ ಹೋದರು. ಗೇರ್ ಹೇಗೆ ಕೂರಿಸಬೇಕು, ಬ್ಯಾಟರಿಯನ್ನು ರೈಲಿನಲ್ಲಿ ಹೇಗೆ ತರಬೇಕು, ತೀರ್ಪುಗಾರರು ಏನು ನೋಡುತ್ತಾರೆ ಎಂಬುದೆಲ್ಲ ಹಿರಿಯರಿಂದ ಕಿರಿಯರಿಗೆ ಕೈಯಿಂದ ಕೈಗೆ ಬರುವ ವಿದ್ಯೆ. ಆ ಕೊಂಡಿ ಕಳಚಿತ್ತು. ಬೀಗ ಹಾಕಿದ್ದ ಕೋಣೆಯಲ್ಲಿ ನಮಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಪೆಟ್ಟಿಗೆ, ಅದರೊಳಗೆ ಯಾರದೋ ಕೈಬರಹದ ಒಂದು ನೋಟ್‌ಬುಕ್. ಬಹುತೇಕ ಲೆಕ್ಕಗಳು ಅರ್ಥವಾಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಪಟ್ಟಿ ಮಾತ್ರ ಬಹಳ ಉಪಕಾರಕ್ಕೆ ಬಂತು.

“ರೆಡ್ ಟೀಮ್, ಅಂಕಣಕ್ಕೆ!”

ಒಳಗೆ ಹೋಗುವವರು ಮೂವರೇ. ನಾನು ಪಿಟ್ ಬಳಗದವನು, ಗೆರೆಯಾಚೆ ನಿಲ್ಲಬೇಕು. ನನ್ನ ಪಕ್ಕ ನಿಲ್ಲಿ, ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ದೀಪಗಳ ಬಿಸಿ ಮುಖಕ್ಕೆ ಹೊಡೆಯುತ್ತದೆ. ದೂರದರ್ಶನದ ಕ್ಯಾಮೆರಾ ಉದ್ದ ತೋಳಿನ ತುದಿಯಲ್ಲಿ ತಲೆಯ ಮೇಲೆ ಹಾದುಹೋಯಿತು. ಸಿದ್ಧತೆಗೆ ಒಂದು ನಿಮಿಷ ಮಾತ್ರ. ಬ್ಯಾಟರಿ ಚುಚ್ಚು, ಗಾಳಿ ತೆರೆ, ಕಂಟ್ರೋಲರ್ ಜೋಡಿಸು, ಚೆಂಡು ತುಂಬು. ಮೊದಲ ರೋಬೋಟಿನ ದೀಪ ಹಸಿರಾಯಿತು. ಎರಡನೆಯದರ ದೀಪ ಮಿಣುಕುತ್ತಲೇ ಇದೆ. ಈ ಕಟ್ಟಡದಲ್ಲಿ ಈಗ ಎಷ್ಟು ಕಂಟ್ರೋಲರುಗಳು ತಮ್ಮ ತಮ್ಮ ಯಂತ್ರವನ್ನು ಕೂಗಿ ಕರೆಯುತ್ತಿವೆಯೋ.

“ಆಫ್ ಮಾಡಿ ಆನ್ ಮಾಡವಾ!” ಎಂದು ನಮ್ಮ ಮಾರ್ಗದರ್ಶಕ ಸರ್ ಹೊರಗಿನಿಂದ ಕೂಗಿದರು. ಅವಳು ಆಗಲೇ ಮಾಡಿದ್ದಳು. ಹಸಿರು.

ಸೀಟಿ.

ಚಕ್ರಗಳ ಗುಂಯ್ ಶಬ್ದ ಏರುತ್ತ ಹೋಗಿ ಒಂದೇ ಸ್ವರಕ್ಕೆ ನಿಂತಿತು. ಆ ಸ್ವರ ನಮಗೆ ನಿದ್ದೆಯಲ್ಲೂ ಗೊತ್ತು, ವೇಗ ಸರಿಯಿದೆ ಎಂದರ್ಥ. ಮೊದಲ ಚೆಂಡು ಹಾರಿತು. ಗೋಪುರದ ತಲೆ ಸವರಿಕೊಂಡು ಆಚೆ ಹೋಯಿತು. ಎರಡನೆಯದಕ್ಕೆ ಚಾಲಕ ಒಂದು ಗುಂಡಿ ಒತ್ತಿ ವೇಗ ಒಂದು ಮೆಟ್ಟಿಲು ಇಳಿಸಿದ. ಚೆಂಡು ನಡುವಿನ ಬಿಲ್ಲೆಗೆ ನೇರ ತಗುಲಿತು. ಮೇಲಿನವು ಒಂದರ ಹಿಂದೊಂದು ಕುಸಿದವು, ನಾಲ್ಕು ನೆಲಕ್ಕೆ, ದೊಡ್ಡದೊಂದೇ ನಿಂತಿದೆ. ಪೂರಾ ಕೆಡವಿದರೆ ಕಟ್ಟುವ ಕೆಲಸವೂ ಪೂರಾ. ಓಣಿಯಲ್ಲಿ ಜಾಣ ಹುಡುಗರು ಮೆತ್ತಗೆ ಹೊಡೆಯುತ್ತಿದ್ದುದು ಅದಕ್ಕೇ. ಈ ಹೊಡೆತ ಜಾಣತನವೋ ಅದೃಷ್ಟವೋ ಹೇಳಲಾರೆ. ಗ್ಯಾಲರಿಯಲ್ಲಿ ಕನ್ನಡದಲ್ಲಿ ಸಿಳ್ಳೆ ಬಿತ್ತು. ಸಿಳ್ಳೆಗೆ ಭಾಷೆ ಇರುತ್ತದೆಯೇ ಎಂದು ಕೇಳಬೇಡಿ, ಇರುತ್ತದೆ.

ಎರಡನೇ ರೋಬೋಟು ಒಳಗೆ ಹೊರಟಿತು. ಅದರ ಮೆಕಾನಮ್ ಚಕ್ರಗಳ ಅಂಚಿನಲ್ಲಿ ಓರೆಯಾಗಿ ಕೂತ ಸಣ್ಣ ಉರುಳೆಗಳಿವೆ, ಹಾಗಾಗಿ ಮುಖ ತಿರುಗಿಸದೆ ಪಕ್ಕಕ್ಕೂ ಸರಿಯುತ್ತದೆ. ಮೊದಲ ಬಿಲ್ಲೆ ಹಿಡಿಕೆಗೆ ಬಂತು, ಟಪ್ ಎಂದು ಬೆರಳು ಮುಚ್ಚಿತು, ಮೇಲೆದ್ದಿತು, ಗೋಪುರದ ಮೇಲೆ ಕೂತಿತು. ಅಷ್ಟರಲ್ಲಿ ಎದುರಾಳಿಯ ಚೆಂಡೊಂದು ಗಾಳಿ ಸೀಳಿಕೊಂಡು ಹೋಯಿತು. ಎರಡನೆಯದು ಕಂಬಕ್ಕೆ ಬಡಿಯಿತು. ತಲೆಯ ಚೆಂಡು ಅಲುಗಾಡಿ ನಿಂತಿತು. ಎರಡನೇ ಬಿಲ್ಲೆ ಅಂಚಿನ ಮೇಲೆ ನಿಂತು ಉರುಳಿ ದೂರ ಹೋಗಿದೆ. ಅವಳು ಅಡ್ಡಡ್ಡ ಸರಿದು, ತಾಗಿಸಿ ಮಲಗಿಸಿ, ಎತ್ತಿ ಇಟ್ಟಳು. ಊರಲ್ಲಿ ಅಭ್ಯಾಸ ಮಾಡಿದ್ದು ಸಾಣೆ ಹಿಡಿಯದ ಸಿಮೆಂಟ್ ನೆಲದ ಮೇಲೆ. ಇಲ್ಲಿ ಬಣ್ಣ ಬಳಿದ ನುಣುಪು ನೆಲ, ಚಕ್ರ ಕೊಂಚ ಜಾರುತ್ತದೆ, ನಿಲ್ಲೆಂದಲ್ಲಿ ನಿಲ್ಲದೆ ಎರಡು ಬೆರಳು ಮುಂದೆ ಹೋಗುತ್ತದೆ. ಅವಳು ಪ್ರತಿ ಸಲವೂ ಎರಡು ಬೆರಳು ಮೊದಲೇ ಬ್ರೇಕು ಹಿಡಿಯುತ್ತಿದ್ದಾಳೆ. ಇದನ್ನು ಯಾವ ಪ್ರೋಗ್ರಾಮಿನಲ್ಲೂ ನಾವು ಬರೆದಿಲ್ಲ. ಅವಳ ಹೆಬ್ಬೆರಳು ಈಗಷ್ಟೇ ಕಲಿತದ್ದು.

ಮೂರನೇ ಬಿಲ್ಲೆ ಹಿಡಿಕೆಯಿಂದ ಜಾರಿತು.

ಮತ್ತೆ ಹಿಡಿದಳು. ಮತ್ತೆ ಜಾರಿತು. ನಮ್ಮ ಅಭ್ಯಾಸದ ಬಿಲ್ಲೆಗಳು ಥರ್ಮಾಕೋಲ್ ಕೆತ್ತಿ ಟೇಪು ಸುತ್ತಿ ಮಾಡಿದವು, ರಬ್ಬರಿಗೆ ಚೆನ್ನಾಗಿ ಕಚ್ಚುತ್ತಿದ್ದವು. ಇಲ್ಲಿನವುಗಳ ಮೈ ಬೇರೆ. ಬಾಟಲಿಯ ಗಾಳಿಯೂ ಇಷ್ಟು ಹೊತ್ತಿಗೆ ಇಳಿದಿರಬೇಕು, ಬೆರಳಿನ ಹಿಡಿತ ಸಡಿಲ. “ಬಿಡ್ರೀ ಅದನ್ನ, ಇನ್ನೊಂದ ತಗೋರಿ!” ಎಂದು ಪಂಪಿನ ಹುಡುಗ ನನ್ನ ತೋಳು ಹಿಂಡುತ್ತಿದ್ದಾನೆ, ಅವಳಿಗೆ ಕೇಳಿಸುವಂತಿಲ್ಲ. ಆಗಲೇ ಎದುರಿನ ಯಂತ್ರ ಮತ್ತೊಂದು ಚೆಂಡು ಬಿಟ್ಟಿತು. ನಮ್ಮ ರೋಬೋಟಿನ ತಲೆ ಖಾಲಿ.

ಪಾತ್ರ ಬದಲಾಯಿತು. ಅಲನ್ ಕೀ ಒಯ್ದಿದ್ದ ಹುಡುಗ ತನ್ನ ಮೊದಲ ಚೆಂಡಿಗೇ ಐದೂ ಬಿಲ್ಲೆ ಚೆಲ್ಲಾಪಿಲ್ಲಿ ಮಾಡಿದ. ನಮ್ಮವನು ಗುರಿ ಹಿಡಿದ. ಒಂದು ಚೆಂಡು ಅವರ ತಲೆಯ ಚೆಂಡಿನ ಪಕ್ಕೆ ಸವರಿತು, ಅದು ಒಂದು ಸುತ್ತು ಸುತ್ತಿ ಅಲ್ಲೇ ಕೂತಿತು. ಅವರ ಹಿಡಿಕೆ ಗಾಳಿಯದಲ್ಲ, ಮೋಟಾರಿನದು, ನಿಧಾನ. ಆದರೆ ಹಿಡಿದದ್ದನ್ನು ಬಿಡಲಿಲ್ಲ. ಒಂದು, ಎರಡು, ಮೂರು. ನಾಲ್ಕನೆಯದು ಕೂತಾಗ ಸೀಟಿ ಊದಿತು. ಕಳಚಿದ ಫಲಕದ ಜಾಗದಲ್ಲಿ ನಾಲ್ಕು ತೂತುಗಳಿದ್ದ ಆ ಯಂತ್ರ ಗೆದ್ದದ್ದು ನ್ಯಾಯವಾಗಿಯೇ.

ಪಿಟ್ಟಿಗೆ ಬಂದ ಮೇಲೆ ಯಾರೂ ಅಳಲಿಲ್ಲ. ಇನ್ನೊಂದು ಪಂದ್ಯವಿದೆ, ಅಳಲು ಪುರುಸೊತ್ತೆಲ್ಲಿ? ಚಾಲಕಿ ನೀರು ಕುಡಿದು ಹೇಳಿದ ಮೊದಲ ಮಾತು: “ಹಿಡಿಕಿಗೆ ಏನರ ಒರಟು ಬೇಕ್ರಲೇ.” ಸ್ಯಾಂಡ್‌ಪೇಪರ್ ಹುಡುಕಿದೆವು, ಹೆಚ್ಚು ಇರಲಿಲ್ಲ. ತಮಿಳು ತಂಡದವರು ಸೈಕಲ್ ಟ್ಯೂಬಿನ ತುಂಡು ಕೊಟ್ಟರು. ಅದನ್ನು ಒಳಮೈ ಹೊರಗೆ ಮಾಡಿ ಫೆವಿಕ್ವಿಕ್ ಹಾಕಿ ಬೆರಳಿಗೆ ಅಂಟಿಸಿದೆವು. ಮೂರನೇ ಬಾಟಲಿಯೊಂದನ್ನು ಸೇರಿಸಿದೆವು, ಅದರ ತೂಕ ಸರಿದೂಗಿಸಲು ನಮ್ಮ ಕಾಲೇಜಿನ ಫಲಕವೂ ಬಿಚ್ಚಿ ಮೇಜಿನ ಕೆಳಗೆ ಹೋಯಿತು. ಸರ್ ನೋಡಿಯೂ ನೋಡದವರ ಹಾಗೆ ಅತ್ತ ತಿರುಗಿದರು. ಪಕ್ಕದ ಪಿಟ್ಟಿಗೆ ಹೋಗಿ, ಸೋತ ತಂಡವೊಂದರಿಂದ ನಿಜವಾದ ಬಿಲ್ಲೆಯ ಅಳತೆಗೂ ಮೈಗೂ ಹತ್ತಿರದ ಒಂದು ಬಿಲ್ಲೆ ತಂದು, ಎತ್ತಿ ಇಳಿಸಿ ಎತ್ತಿ ಇಳಿಸಿ ನೋಡಿದೆವು. ಜಾರಲಿಲ್ಲ.

ಎರಡನೇ ಪಂದ್ಯ ಗೆದ್ದೆವು. ಅದನ್ನು ವಿವರಿಸುವಂಥದ್ದೇನಿಲ್ಲ. ಎದುರಾಳಿಯ ಮೊದಲ ರೋಬೋಟು ಸೀಟಿ ಊದಿದಾಗ ಅಲುಗಾಡಲೇ ಇಲ್ಲ. ಪಾಪ, ಒಂದು ಕನೆಕ್ಟರ್ ಸಡಿಲಾಗಿತ್ತಂತೆ. ಒಂದು ವರ್ಷದ ಕೆಲಸ ಒಂದು ಸಡಿಲ ಪಿನ್ನಿನ ಮೇಲೆ ನಿಂತುಬಿಡುವುದು ಈ ಅಂಕಣದಲ್ಲಿ ದಿನದ ಮಾತು. ಅವರ ಕ್ಯಾಪ್ಟನ್ ಯಂತ್ರದ ಪಕ್ಕ ಮಂಡಿಯೂರಿ ಕೂತಿದ್ದಾಗ ನಮ್ಮವರಿಗೆ ಕುಣಿಯಲು ಮನಸ್ಸಾಗಲಿಲ್ಲ. ನಮ್ಮ ಬಿಲ್ಲೆಗಳು ಮಾತ್ರ ಒಂದೂ ಜಾರದೆ ಕೂತವು. ಮುಂದಿನ ಸುತ್ತಿಗೆ ಹೋಗಲು ಒಂದು ಗೆಲುವು ಸಾಲಲಿಲ್ಲ.

ಬಹುಮಾನದ ಹೊತ್ತಿಗೆ ನಾವು ಗ್ಯಾಲರಿಯಲ್ಲಿ ಕೂತು ಫೈನಲ್ ನೋಡಿದೆವು. ಎರಡನೇ ವರ್ಷದ ಹುಡುಗ ಚಪ್ಪಾಳೆ ತಟ್ಟುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದ: ಯಾರ ಹಿಡಿಕೆ ಹೇಗಿದೆ, ಎಷ್ಟು ಸೆಕೆಂಡಿಗೆ ಒಂದು ಬಿಲ್ಲೆ, ಚಕ್ರಕ್ಕೆ ಯಾವ ರಬ್ಬರು. ಮುಂದಿನ ಸಲ ನಾವು ಅಂತಿಮ ವರ್ಷದವರು ಯಾರೂ ಇರುವುದಿಲ್ಲ. 2023ರ ಸ್ಪರ್ಧೆ ಕಾಂಬೋಡಿಯಾದ್ದು, ಅಂಗ್ಕೋರ್ ವಾಟ್ ದೇಗುಲದ ಹೆಸರಿನಲ್ಲಿ ಕಂಬಗಳಿಗೆ ಬಳೆ ಎಸೆಯುವ ಆಟ. ಅದಕ್ಕೆ ಅದೇ ಹುಡುಗ ಕ್ಯಾಪ್ಟನ್. ಎಸೆಯುವುದು ಚೆಂಡಿನ ಬದಲು ಬಳೆ, ಆದರೆ ಬ್ಯಾಟರಿ ಇಳಿಯುವುದು ಹಾಗೆಯೇ, ನೆಲ ಜಾರುವುದು ಹಾಗೆಯೇ.

ಅವನ ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ. ಇಲ್ಲದಿರುವುದು ಜಾಗ ಮತ್ತು ಹೊತ್ತು. ನಮ್ಮ ಹುಡುಗರು ಸೋಲುವುದು ಬುದ್ಧಿ ಸಾಲದೆ ಅಲ್ಲ, ಮಾಡಿದ್ದನ್ನೇ ಮತ್ತೆ ಮಾಡಿ ನೋಡಲು ಅವಕಾಶ ಸಾಲದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನಿಯರಿಂಗ್ ಕಾಲೇಜು ನಡೆಸುವ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ವಿನಂತಿ: ಹೊಸ ಲ್ಯಾಬು ಬೇಡ, ಉದ್ಘಾಟನೆಯೂ ಬೇಡ. ಇರುವ ವರ್ಕ್‌ಶಾಪಿಗೆ ಐದು ಗಂಟೆಗೆ ಹಾಕುವ ಬೀಗವನ್ನು ಒಂಬತ್ತಕ್ಕೆ ಹಾಕಿಸಿ.